ಮಂತ್ರಕ್ಕೆ ತೆತ್ತ ಬೆಲೆ: ಒಂದು ಹದಿಹರೆಯದ ಫ್ಯಾಂಟಸಿಯನ್ನು ಲೆಕ್ಕ ಬರೆದು ಓದಿದ ಅನುಭವ

ಹದಿಹರೆಯದವರಿಗಾಗಿ ಬರೆದ ಫ್ಯಾಂಟಸಿ ಕಾದಂಬರಿಗಳನ್ನು ಲೆಕ್ಕದ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಓದುತ್ತೇನೆ ಎಂದಾಗ ನಮ್ಮ ಓದುಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. ಮಂತ್ರದ ಕಥೆಗೆ ಜಮಾ-ಖರ್ಚು ಬರೆಯತೊಡಗಿದರೆ ಓದಿನ ಸುಖವೇ ಹೋಗುತ್ತದೆ ಎಂದರು ಒಬ್ಬರು. ಹದಿನಾಲ್ಕು ವಯಸ್ಸಿನವರ ಪುಸ್ತಕಕ್ಕೆ ಇಷ್ಟೊಂದು ಶ್ರಮವೇಕೆ, ಸುಮ್ಮನೆ ಓದಿ ಹಿಡಿಸಿತೋ ಇಲ್ಲವೋ ಹೇಳಿದರೆ ಸಾಲದೇ ಎಂದರು ಇನ್ನೊಬ್ಬರು. ಈಗ ಅದೇ ಬಳಗದ ನಾಲ್ಕೈದು ಜನ ನನ್ನ ಪದ್ಧತಿಯಲ್ಲೇ ಓದುತ್ತಿದ್ದಾರೆ. ಹೊಸ ಸರಣಿಯ ಮೊದಲ ಕಂತು ಬಂದರೆ ‘ಬಾಕಿ ಎಷ್ಟು ಉಳಿಯಿತು’ ಎಂದು ನನ್ನನ್ನೇ ಕೇಳುತ್ತಾರೆ. ಆದ್ದರಿಂದ ಇದನ್ನು, ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರ ‘ಎ ವಿಜರ್ಡ್ ಆಫ್ ಅರ್ಥ್‌ಸೀ’ಯನ್ನು ಹೀಗೆ ಓದಿದ ಲೆಕ್ಕದ ಸಮೇತ, ಬರೆದಿಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಪದ್ಧತಿ ಏನೆಂದು ಮೊದಲು ಹೇಳಿಬಿಡುತ್ತೇನೆ. ಒಂದು ದಪ್ಪ ನೋಟ್‌ಬುಕ್, ಪುಟಕ್ಕೆ ನಾಲ್ಕು ಅಂಕಣ. ಮೊದಲನೆಯದರಲ್ಲಿ ಕಥೆಯೊಳಗೆ ನಡೆದ ಮಾಂತ್ರಿಕ ಕ್ರಿಯೆ ಮತ್ತು ಪುಟಸಂಖ್ಯೆ. ಎರಡನೆಯದರಲ್ಲಿ ಅದಕ್ಕೆ ತೆತ್ತ ಬೆಲೆ. ಮೂರನೆಯದರಲ್ಲಿ ಆ ಬೆಲೆಯನ್ನು ತೆತ್ತವರು ಯಾರು ಎಂಬುದು. ಮಾಡಿದವನೇ ತೆತ್ತನೋ, ಪಕ್ಕದವರ ತಲೆಗೆ ಬಂತೋ. ನಾಲ್ಕನೆಯದು ಎಲ್ಲಕ್ಕಿಂತ ತಡವಾಗಿ ಹೊಳೆದದ್ದು: ಮಾಡಬಹುದಾಗಿದ್ದರೂ ಮಾಡದೆ ಬಿಟ್ಟ ಮಂತ್ರ. ಕಾದಂಬರಿಯನ್ನು ಮೊದಲು ಒಮ್ಮೆ ಪೆನ್ನು ಮುಟ್ಟದೆ ಓದಿ ಮುಗಿಸುತ್ತೇನೆ. ಎರಡನೆಯ ಓದಿನಲ್ಲಿ ಅಂಕಣಗಳನ್ನು ತುಂಬುತ್ತೇನೆ. ನನ್ನ ಅಭಿಪ್ರಾಯ ಹುಟ್ಟುವುದು ತುಂಬಿದ ಸಾಲುಗಳಿಂದ ಅಲ್ಲವೇ ಅಲ್ಲ, ಖಾಲಿ ಉಳಿದ ಚೌಕಗಳಿಂದ. ಎರಡನೆಯ ಓದನ್ನು ಯಾವ ಪುಟದಿಂದ ಆರಂಭಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಮೊದಲ ಪುಟದಿಂದಲ್ಲ ಎಂದಷ್ಟೇ ಹೇಳಬಲ್ಲೆ. ಅದನ್ನು ಕಂಡುಕೊಳ್ಳಲು ನನಗೆ ವರ್ಷಗಳೇ ಹಿಡಿದಿವೆ.

ಇದಕ್ಕೂ ಮೊದಲು ಹಲವು ದಾರಿಗಳನ್ನು ಹಿಡಿದು ಬಿಟ್ಟಿದ್ದೇನೆ. ನಕ್ಷತ್ರಗಳ ಲೆಕ್ಕದಲ್ಲಿ ಅಂಕ ಕೊಡುವುದು ಮೊದಲನೆಯದು. ಸುಮಾರು ನೂರು ಪುಸ್ತಕಗಳಿಗೆ ಹಾಗೆ ಅಂಕ ಕೊಟ್ಟ ಮೇಲೆ ನೋಡಿದರೆ ಮುಕ್ಕಾಲು ಪಾಲು ಪುಸ್ತಕಗಳಿಗೆ ಐದಕ್ಕೆ ನಾಲ್ಕು ಬಿದ್ದಿತ್ತು. ಆ ನಾಲ್ಕರಿಂದ ಯಾರಿಗೂ ಏನೂ ತಿಳಿಯುವಂತಿರಲಿಲ್ಲ. ಆಮೇಲೆ ಪಾತ್ರಗಳ ಪಟ್ಟಿ ಮಾಡಿ, ಯಾರು ಎಷ್ಟು ಬೆಳೆದರು ಎಂದು ಗೆರೆ ಎಳೆದು ನೋಡಿದೆ. ಈ ಬಗೆಯ ಕಾದಂಬರಿಗಳಲ್ಲಿ ಕಥಾನಾಯಕ ಬೆಳೆಯಲೇಬೇಕು, ಅದು ಅದರ ಹುಟ್ಟುಗುಣ. ಹಾಗಾಗಿ ಎಲ್ಲ ಗೆರೆಗಳೂ ಮೇಲಕ್ಕೇ ಹೋದವು. ಒಳ್ಳೆಯ ಪುಸ್ತಕ ಯಾವುದು, ಹುಸಿ ಪುಸ್ತಕ ಯಾವುದು ಎಂದು ಗೆರೆಗಳಿಂದ ಬೇರ್ಪಡಿಸಲು ಆಗಲಿಲ್ಲ. ಎಲ್ಲವನ್ನೂ ‘ದ ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಟೋಲ್ಕಿನ್ ಪಕ್ಕ ನಿಲ್ಲಿಸಿ ಅಳೆಯುವುದು ಮೂರನೆಯ ಪ್ರಯತ್ನ. ಹಾಗೆ ಅಳೆದರೆ ಪ್ರತಿ ಪುಸ್ತಕವೂ ಗಿಡ್ಡವಾಗಿಯೇ ಕಾಣುತ್ತದೆ. ಬರೆದ ಅಭಿಪ್ರಾಯಗಳೆಲ್ಲ ಒಂದೇ ದೂರಿನ ನಕಲುಗಳಾಗುತ್ತವೆ.

ಪ್ರಶ್ನಾವಳಿ ಇನ್ನೊಂದು. ಹದಿಹರೆಯದವರಿಗಾಗಿ ಬರೆದದ್ದನ್ನು ಹದಿಹರೆಯದವರೇ ಹೇಳಲಿ ಎಂದು ಹತ್ತು ಪ್ರಶ್ನೆಗಳ ಹಾಳೆಯೊಂದನ್ನು ಮಾಡಿ ಪರಿಚಯದ ಹುಡುಗ ಹುಡುಗಿಯರಿಗೆ ಕೊಟ್ಟೆ. ಪರೀಕ್ಷೆಯ ಉತ್ತರಗಳು ಬಂದವು. ಸ್ನೇಹದ ಮಹತ್ವ, ಧೈರ್ಯದ ಮಹತ್ವ, ಒಳಿತಿಗೆ ಜಯ. ದೊಡ್ಡವರು ಕೇಳಿದರೆ ದೊಡ್ಡವರಿಗೆ ಬೇಕಾದ ಉತ್ತರ ಕೊಡುವುದು ಆ ವಯಸ್ಸಿನವರಿಗೆ ಚೆನ್ನಾಗಿ ಬರುತ್ತದೆ. ಹಾಳೆಗಳನ್ನು ಎತ್ತಿಟ್ಟೆ.

ಹಣದ ಮಾತಿಗೆ ಬರಲೇಬೇಕು, ಏಕೆಂದರೆ ಈ ಪದ್ಧತಿಗೆ ನನ್ನನ್ನು ತಳ್ಳಿದ್ದೇ ಹಣ. ಫ್ಯಾಂಟಸಿ ಓದುವವರಿಗೆಲ್ಲ ಈ ನೋವು ಗೊತ್ತು: ಮೊದಲ ಕಂತು ಹಿಡಿಸಿತೆಂದು ಮುಂದಿನ ಎರಡು ಮೂರು ಕಂತುಗಳನ್ನು ಒಟ್ಟಿಗೇ ಕೊಂಡುಬಿಡುವುದು, ಎರಡನೆಯದರ ನಡುವೆ ಆಸಕ್ತಿ ಸತ್ತುಹೋಗುವುದು. ಗಟ್ಟಿ ರಟ್ಟಿನ ಪ್ರತಿಗಳಿಗೆ ಮೆದು ರಟ್ಟಿನ ಎರಡರಷ್ಟು ತೆತ್ತಿದ್ದೇನೆ, ಅದೂ ಪುಸ್ತಕ ಹೊರಬಂದ ಮೊದಲ ವಾರದಲ್ಲೇ ಬೇಕೆಂದು. ಕೆಲವು ವರ್ಷಗಳ ಖರ್ಚನ್ನು ಒಮ್ಮೆ ಅಂದಾಜಿಗೆ ಕೂಡಿ ನೋಡಿದೆ. ಕೊಂಡ ಸರಣಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ಕೊನೆಯವರೆಗೆ ಓದಿಯೇ ಇರಲಿಲ್ಲ. ತೆರೆಯದೆ ಕುಳಿತ ಮೂರನೆಯ ಕಂತುಗಳಿಗೆ ಹಾಕಿದ ಹಣದಲ್ಲಿ ಒಂದು ವರ್ಷ ಪೂರ್ತಿ ಓದುವಷ್ಟು ಬೇರೆ ಪುಸ್ತಕಗಳು ಬರುತ್ತಿದ್ದವು. ಅಭಿಪ್ರಾಯ ಬರೆದು ಗಳಿಸುವುದರಿಂದ ಈ ಗುಂಡಿ ತುಂಬುವುದಿಲ್ಲ. ಯಾರಾದರೂ ಗೌರವಧನ ಕೊಟ್ಟರೂ ಅದು ಓದಿದ ಪುಸ್ತಕದ ಅರ್ಧ ಬೆಲೆಯನ್ನೂ ಮುಟ್ಟುವುದಿಲ್ಲ. ಕೊಡುತ್ತೇನೆಂದು ಹೇಳಿ ಕೊಡದೆ ಉಳಿಸಿಕೊಂಡವರೂ ಇದ್ದಾರೆ.

ಆಗ ನನಗೆ ಬೇಕಾಗಿದ್ದದ್ದು ಒಂದೇ: ಮೊದಲ ಕಂತನ್ನು ಓದಿ, ಈ ಲೇಖಕರು ಮುಂದಕ್ಕೂ ಕಥೆಯನ್ನು ಹೊರಬಲ್ಲರೇ ಎಂದು ಹೇಳುವ ಒಂದು ಖಚಿತವಾದ ಕುರುಹು. ಕೈಬಿಟ್ಟ ಸರಣಿಗಳನ್ನೆಲ್ಲ ಮುಂದೆ ಹರಡಿಕೊಂಡು ಕುಳಿತಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಅವುಗಳಲ್ಲಿ ಹೆಚ್ಚಿನವು ಸತ್ತದ್ದು ಮಂತ್ರ ಪುಕ್ಕಟೆಯಾದ ಕಡೆ. ಮೊದಲ ಕಂತಿನಲ್ಲಿ ದೀಪ ಹಚ್ಚಲು ಬೆವರು ಸುರಿಸಿದ ಹುಡುಗಿ ಎರಡನೆಯದರಲ್ಲಿ ಕೋಟೆ ಉರುಳಿಸಿ ಮರುದಿನ ಬೆಳಿಗ್ಗೆ ಆರಾಮವಾಗಿ ಎದ್ದಿರುತ್ತಾಳೆ. ಅಲ್ಲಿಂದ ಮುಂದೆ ಓದುಗನಿಗೆ ಭಯವಿಲ್ಲ. ಭಯವಿಲ್ಲದ ಮೇಲೆ ಪುಟ ತಿರುಗಿಸುವ ಅಗತ್ಯವೂ ಇಲ್ಲ.

ಪದ್ಧತಿಯನ್ನು ಒರೆಗೆ ಹಚ್ಚಲು ಆರಿಸಿಕೊಂಡದ್ದು ಉರ್ಸುಲಾ ಲೆ ಗ್ವಿನ್ ಅವರ ‘ಎ ವಿಜರ್ಡ್ ಆಫ್ ಅರ್ಥ್‌ಸೀ’. 1968ರ ಪುಸ್ತಕ. ಸ್ವಲ್ಪ ದೊಡ್ಡ ಮಕ್ಕಳಿಗೆ ಏನಾದರೂ ಬರೆಯಿರಿ ಎಂದು ಪ್ರಕಾಶಕರೊಬ್ಬರು ಕೇಳಿಕೊಂಡದ್ದರಿಂದ ಹುಟ್ಟಿದ್ದು. ಹಾಗಾಗಿ ಇದು ಹದಿಹರೆಯದವರ ಪುಸ್ತಕವೇ ಎಂಬ ಜಗಳಕ್ಕೆ ಎಡೆಯಿಲ್ಲ. ಹತ್ತು ಅಧ್ಯಾಯ, ಸುಮಾರು ಇನ್ನೂರು ಪುಟ. ಇಂದಿನ ಆರುನೂರು ಪುಟದ ಕಂತುಗಳ ಮುಂದೆ ತೆಳ್ಳಗೆ ಕಾಣುತ್ತದೆ. ಬಳಗದಲ್ಲಿ ಇದನ್ನು ಓದಿದವರು ಎರಡು ಗುಂಪು. ಶ್ರೇಷ್ಠ ಕೃತಿ ಎಂದು ಕೈಮುಗಿಯುವವರು ಒಂದು ಕಡೆ, ತಣ್ಣಗಿದೆ, ಯುದ್ಧವಿಲ್ಲ, ಹುಡುಗರಿಗೆ ಹಿಡಿಸುವುದಿಲ್ಲ ಎನ್ನುವವರು ಇನ್ನೊಂದು ಕಡೆ. ಇಬ್ಬರ ಬಳಿಯೂ ಕಾರಣಗಳಿರಲಿಲ್ಲ. ನನ್ನ ನೋಟ್‌ಬುಕ್ಕಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗುವಂತಿರಲಿಲ್ಲ.

ಎರಡು ಪ್ರತಿ ಕೊಂಡೆ. ಒಂದು ಓದಿ ಇಟ್ಟುಕೊಳ್ಳಲು, ಇನ್ನೊಂದು ಹಳೆಯ ಪುಸ್ತಕಗಳ ಅಂಗಡಿಯ ಜೀರ್ಣ ಪ್ರತಿ, ಗೀಚಲು. ಇದು ದುಂದುವೆಚ್ಚವೆಂದು ಅನಿಸಬಹುದು. ಆದರೆ ಗ್ರಂಥಾಲಯದ ಪ್ರತಿಗೆ ಅಂಟುಚೀಟಿ ಹಚ್ಚಿ ಹಿಂದಿರುಗಿಸಿದಾಗ ಅಂಟು ಹಾಳೆಗೆ ಉಳಿದು ದಂಡ ಕಟ್ಟಬೇಕಾಗಿ ಬಂದ ಮೇಲೆ, ಹರಿದ ಪ್ರತಿಯೇ ಅಗ್ಗ ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ಇ-ಪುಸ್ತಕದಲ್ಲಿಯೂ ಮಾಡಿ ನೋಡಿದೆ. ಹುಡುಕುವುದಕ್ಕೆ ಸುಲಭ, ಆದರೆ ಒಂದು ಬೆಲೆ ಎಷ್ಟು ಪುಟಗಳಾದ ಮೇಲೆ ಸಂದಾಯವಾಯಿತು ಎಂಬ ಅಂತರ ಬೆರಳಿಗೆ ತಿಳಿಯುವುದಿಲ್ಲ. ನನ್ನ ಓದಿನಲ್ಲಿ ಆ ಅಂತರವೇ ಮುಖ್ಯ.

ಇನ್ನು ಲೆಕ್ಕ. ಗಾಂಟ್ ದ್ವೀಪದ ಹುಡುಗ ಗೆಡ್ ಮೊದಲು ಮಾಡುವ ಮಂತ್ರ ಆಡುಗಳನ್ನು ಕರೆಯುವುದು. ಮಾಂತ್ರಿಕಳಾದ ಚಿಕ್ಕಮ್ಮನ ಬಾಯಲ್ಲಿ ಕೇಳಿದ್ದನ್ನು ಅರ್ಥ ತಿಳಿಯದೆ ಹೇಳುತ್ತಾನೆ. ಆಡುಗಳು ಬರುತ್ತವೆ, ಬಂದವು ಬಿಟ್ಟು ಹೋಗುವುದಿಲ್ಲ. ಬೆಲೆ: ಹೆದರಿಕೆ. ಚಿಕ್ಕದು, ತಕ್ಷಣ ಸಂದಾಯ. ಆಮೇಲೆ ದಂಡೆತ್ತಿ ಬಂದವರಿಂದ ಊರನ್ನು ಉಳಿಸಲು ಮಂಜು ಕವಿಸುತ್ತಾನೆ. ಊರು ಉಳಿಯುತ್ತದೆ. ಹುಡುಗ ಮಾತಿಲ್ಲದೆ, ಊಟವಿಲ್ಲದೆ, ನಿದ್ದೆಯಿಲ್ಲದೆ ಮರಗಟ್ಟುತ್ತಾನೆ. ಓಗಿಯನ್ ಎಂಬ ಗುರು ಬಂದು ಮುಟ್ಟುವವರೆಗೂ ಅದೇ ಸ್ಥಿತಿ. ಮೊದಲ ಅಧ್ಯಾಯದಲ್ಲೇ ಎರಡು ವ್ಯವಹಾರ, ಎರಡೂ ಚುಕ್ತಾ. ನನ್ನ ಅನುಭವದಲ್ಲಿ ಇದು ಬಲು ಅಪರೂಪ. ಹೆಚ್ಚಿನ ಕಾದಂಬರಿಗಳ ಮೊದಲ ಅಧ್ಯಾಯ ಓದುಗನನ್ನು ಬೆರಗುಗೊಳಿಸಲೆಂದು ಎಲ್ಲವನ್ನೂ ಉದ್ದರಿಗೆ ಕೊಟ್ಟುಬಿಟ್ಟಿರುತ್ತದೆ.

ಎರಡನೆಯ ಅಧ್ಯಾಯದಲ್ಲಿ ನನ್ನ ನಾಲ್ಕನೆಯ ಅಂಕಣಕ್ಕೆ ಜೀವ ಬಂತು. ಗುರುವೂ ಶಿಷ್ಯನೂ ನಡೆದು ಹೋಗುವಾಗ ಮಳೆ ಸುರಿಯುತ್ತದೆ. ಮಳೆಯನ್ನು ಅತ್ತ ತಳ್ಳುವುದು ಸಾಮಾನ್ಯ ಮಾಂತ್ರಿಕನಿಗೂ ಗೊತ್ತಿರುವ ವಿದ್ಯೆ. ಓಗಿಯನ್ ಒಂದು ಮರದಡಿ ಹೋಗಿ ಮಲಗುತ್ತಾನೆ. ಗೆಡ್ ಪೊದೆಗಳ ನಡುವೆ ನೆನೆಯುತ್ತ, ಇಷ್ಟು ಶಕ್ತಿಯಿದ್ದೂ ಬಳಸದಿದ್ದರೆ ಇದ್ದು ಏನು ಪ್ರಯೋಜನ ಎಂದು ಕುದಿಯುತ್ತಾನೆ. ಮೊದಲ ಓದಿನಲ್ಲಿ ಈ ಜಾಗವನ್ನು ಎಲ್ಲರೂ ದಾಟಿ ಹೋಗುತ್ತಾರೆ. ಅಂಕಣದಲ್ಲಿ ಬರೆದಾಗ ಗೊತ್ತಾಯಿತು, ಇಡೀ ಕಾದಂಬರಿ ನಿಂತಿರುವುದು ಆ ಸುರಿದ ಮಳೆಯ ಮೇಲೆ. ಮಾಡದೆ ಬಿಟ್ಟ ಮಂತ್ರದ ಸಾಲಿನಲ್ಲಿ ಓಗಿಯನ್ನನ ಹೆಸರು ಮತ್ತೆ ಮತ್ತೆ ಬರುತ್ತದೆ. ಏಳನೆಯ ಅಧ್ಯಾಯದಲ್ಲಿ ಗಿಡುಗನ ರೂಪ ತಾಳಿ ಮನುಷ್ಯತನವನ್ನೇ ಮರೆಯುವ ಹಂತಕ್ಕೆ ಬಂದ ಶಿಷ್ಯ ಹಾರಿ ಬಂದು ಕೂರುವುದೂ ಅವನ ಬಳಿಗೇ. ಉಳಿಸಿಟ್ಟ ಶಕ್ತಿ ಎಲ್ಲಿ ಖರ್ಚಾಯಿತು ಎಂದು ನೋಟ್‌ಬುಕ್ಕಿನಲ್ಲಿ ಬೆರಳಿಟ್ಟು ತೋರಿಸಬಹುದು.

ದೊಡ್ಡ ಸಾಲ ಆಗುವುದು ನಾಲ್ಕನೆಯ ಅಧ್ಯಾಯದಲ್ಲಿ. ರೋಕ್ ದ್ವೀಪದ ವಿದ್ಯಾಶಾಲೆಯಲ್ಲಿ ಜಾಸ್ಪರ್ ಎಂಬ ಹುಡುಗನ ಮೇಲಿನ ಹಟಕ್ಕೆ ಗೆಡ್ ಸತ್ತವಳನ್ನು ಕರೆಯುತ್ತಾನೆ. ತೆರೆದ ಬಿರುಕಿನಿಂದ ನೆರಳೊಂದು ಹೊರಬಂದು ಅವನ ಮುಖವನ್ನು ಸೀಳುತ್ತದೆ. ಬಿರುಕನ್ನು ಮುಚ್ಚಲು ಶಾಲೆಯ ಹಿರಿಯ ನೆಮ್ಮರ್ಲ್ ತನ್ನ ಜೀವವನ್ನೇ ಕೊಡುತ್ತಾನೆ. ಮಾಡಿದವನು ಒಬ್ಬ, ತೆತ್ತವನು ಇನ್ನೊಬ್ಬ. ಈ ಸಾಲನ್ನು ಬರೆದು ಕೆಳಗೆ ಕೆಂಪು ಗೆರೆ ಎಳೆದೆ. ಮುಂದಿನ ಆರು ಅಧ್ಯಾಯಗಳು ಇದರ ಬಡ್ಡಿ. ಮುಖದ ಗಾಯದ ಗುರುತು ಮಾಯುವುದಿಲ್ಲ, ತಿಂಗಳುಗಟ್ಟಲೆ ಹಾಸಿಗೆ ಹಿಡಿಯುತ್ತಾನೆ, ಜೊತೆಯವರಿಗಿಂತ ಹಿಂದೆ ಬೀಳುತ್ತಾನೆ, ಮೊದಲಿನ ಚುರುಕು ಮಾತು ಹೋಗುತ್ತದೆ. ಶಾಲೆಯ ಗುರುಗಳು ಇದಕ್ಕೂ ಮೊದಲೇ, ಒಂದು ಹರಳುಕಲ್ಲನ್ನು ಬೇರೆಯದಾಗಿ ಬದಲಾಯಿಸಿದರೂ ಲೋಕದ ಸಮತೋಲ ಅಲುಗುತ್ತದೆ ಎಂದು ಹೇಳಿದ್ದಾರೆ. ದರಪಟ್ಟಿಯನ್ನು ಓದುಗನ ಕಣ್ಣೆದುರು ಇಟ್ಟೇ ಸಾಲ ಮಾಡಿಸಿದ್ದಾರೆ ಲೇಖಕಿ. ಇಲ್ಲಿ ವಂಚನೆಯಿಲ್ಲ.

ನನಗೆ ಅತ್ಯಂತ ಖುಷಿ ಕೊಟ್ಟದ್ದು ಐದನೆಯ ಅಧ್ಯಾಯದ ಡ್ರ್ಯಾಗನ್. ತಣ್ಣಗಿದೆ ಎಂದು ದೂರುವವರು ಈ ಅಧ್ಯಾಯವನ್ನು ಲೆಕ್ಕ ಹಾಕಿ ಓದಬೇಕು. ಈ ಲೋಕದಲ್ಲಿ ಯಾರ ನಿಜನಾಮ ಗೊತ್ತೋ ಅವರ ಮೇಲೆ ಹಿಡಿತ ಸಿಗುತ್ತದೆ. ಗೆಡ್ ಆ ಡ್ರ್ಯಾಗನ್ನಿನ ನಿಜನಾಮ ಯೆವೌಡ್ ಎಂದು ಊಹಿಸಿ ಅದನ್ನು ಕಟ್ಟಿಹಾಕುತ್ತಾನೆ. ಮೊದಲ ಓದಿಗೆ ಇದು ಅದೃಷ್ಟದಂತೆ ಕಾಣುತ್ತದೆ, ಬೆಲೆಯ ಚೌಕ ಖಾಲಿ ಎನಿಸುತ್ತದೆ. ಹಿಂದಕ್ಕೆ ಹೋಗಿ ನೋಡಿದರೆ ಬೆಲೆ ಮೊದಲೇ ಸಂದಾಯವಾಗಿದೆ: ಒಂಟಿ ಗೋಪುರದಲ್ಲಿ ಹೆಸರುಗಳ ಪಟ್ಟಿಯನ್ನು ಉರು ಹೊಡೆದ ಕಾಲ, ಹಳೆಯ ಕಥನಗಳನ್ನು ಓದಿದ ಓದು. ಇದನ್ನು ನಾನು ‘ಮುಂಗಡ’ ಎಂದು ಗುರುತಿಸುತ್ತೇನೆ. ಡ್ರ್ಯಾಗನ್ ತಿರುಗಿ ಒಂದು ಆಸೆ ಒಡ್ಡುತ್ತದೆ, ನಿನ್ನನ್ನು ಬೆನ್ನಟ್ಟಿರುವ ನೆರಳಿನ ಹೆಸರು ಹೇಳುತ್ತೇನೆ ಎಂದು. ಅದನ್ನು ಕೇಳಿಕೊಂಡರೆ ತನ್ನ ಜೀವ ಉಳಿಯಬಹುದು. ಗೆಡ್ ಅದನ್ನು ಬಿಟ್ಟು, ಡ್ರ್ಯಾಗನ್ನುಗಳು ದ್ವೀಪಗಳ ಕಡೆಗೆ ಇನ್ನೆಂದೂ ಹಾರಿಬರುವುದಿಲ್ಲ ಎಂಬ ಆಣೆಯನ್ನು ಪಡೆಯುತ್ತಾನೆ. ತಾನು ಕಾಯಬೇಕಾದ ಬಡ ಮೀನುಗಾರರಿಗಾಗಿ ತನ್ನ ಬಿಡುಗಡೆಯನ್ನೇ ಖರ್ಚು ಮಾಡುತ್ತಾನೆ. ಹುಡುಗ ದೊಡ್ಡವನಾದದ್ದು ಎಲ್ಲಿ ಎಂದು ಯಾರಾದರೂ ಕೇಳಿದರೆ ನಾನು ಕೊನೆಯ ಅಧ್ಯಾಯ ತೋರಿಸುವುದಿಲ್ಲ, ಈ ಸಾಲನ್ನು ತೋರಿಸುತ್ತೇನೆ. ಕತ್ತಿಯ ಕಾಳಗ ಬೇಕೆಂದು ಪುಸ್ತಕ ಮುಚ್ಚಿದವರು ಕಳೆದುಕೊಂಡದ್ದು ಇದನ್ನೇ.

ಅದೇ ಅಧ್ಯಾಯದಲ್ಲಿ ಇದಕ್ಕೂ ಮೊದಲು ದೋಣಿ ಕಟ್ಟುವ ಗೆಳೆಯನ ಮಗು ಸಾಯುತ್ತದೆ. ಉಳಿಸಲು ಹೋದ ಗೆಡ್ ಸಾವಿನ ನಾಡಿನೊಳಕ್ಕೆ ಹೆಚ್ಚು ದೂರ ಇಳಿದುಬಿಡುತ್ತಾನೆ. ಮಗು ಉಳಿಯುವುದಿಲ್ಲ, ನೆರಳಿಗೆ ಅವನ ಜಾಡು ಸಿಗುತ್ತದೆ. ಅವನನ್ನು ಮರಳಿ ಎಚ್ಚರಕ್ಕೆ ತರುವುದು ಅವನು ಸಾಕಿಕೊಂಡ ಒಟಾಕ್ ಎಂಬ ಪುಟ್ಟ ಪ್ರಾಣಿಯ ನಾಲಿಗೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಮಂತ್ರಕ್ಕೂ ರಿಯಾಯಿತಿ ಇಲ್ಲ. ಹದಿಹರೆಯದ ಓದುಗರಿಗೆ ಇದನ್ನು ಮುಲಾಜಿಲ್ಲದೆ ಹೇಳಿದ ಪುಸ್ತಕಗಳು ಕಡಿಮೆ, ಇಂದಿಗೂ ಕಡಿಮೆ.

ಇಷ್ಟು ಹೊಗಳಿದ ಮೇಲೆ ಖಾಲಿ ಚೌಕಗಳ ಮಾತು. ಇವೇ ನನ್ನ ಅಭಿಪ್ರಾಯದ ತಿರುಳು. ಮಂತ್ರ ಬಲ್ಲ ಹೆಂಗಸರ ಸಾಲುಗಳನ್ನು ಪ್ರತ್ಯೇಕವಾಗಿ ಕೂಡಿದಾಗ ಒಂದು ವಿಚಿತ್ರ ಕಂಡಿತು. ಚಿಕ್ಕಮ್ಮನ ವಿದ್ಯೆ ಅರೆಬರೆ, ಲಾಭಬಡುಕ. ಗುಡ್ಡದ ಮೇಲೆ ಗೆಡ್‌ನನ್ನು ಕೆಣಕಿ ನಿಷಿದ್ಧ ಮಂತ್ರದ ಪುಟ ತೆರೆಸುವ ಹುಡುಗಿಯೇ ಮುಂದೆ ಸೆರೆಟ್ ಆಗಿ ಕಲ್ಲಿನ ಕೋಟೆಯಲ್ಲಿ ಅವನಿಗೆ ಬಲೆ ಬೀಸುತ್ತಾಳೆ, ಅಲ್ಲೇ ನಾಶವಾಗುತ್ತಾಳೆ. ಗೆಳೆಯ ವೆಚ್‌ನ ತಂಗಿ, ‘ಯಾರೋ’ (Yarrow) ಎಂಬ ಹೆಸರಿನವಳು, ಚುರುಕಿನವಳು, ಕೇಳಬೇಕಾದ ಪ್ರಶ್ನೆಗಳನ್ನು ಕೇಳುವವಳು ಅವಳೊಬ್ಬಳೇ. ಅವಳು ಮನೆಯಲ್ಲೇ ಉಳಿಯುತ್ತಾಳೆ. ರೋಕ್ ಶಾಲೆಗೆ ಹುಡುಗಿಯರಿಗೆ ಪ್ರವೇಶವಿಲ್ಲ. ಗಂಡಸಿನ ಮಂತ್ರಕ್ಕೆ ತಪ್ಪಿದರೂ ತೀರಿಸಲು ಕಂತುಗಳು ಸಿಗುತ್ತವೆ. ಹೆಂಗಸಿನ ಮಂತ್ರ ಮೊದಲ ಸಾಲಿನಲ್ಲೇ ಮುಳುಗಡೆ. ಕಾದಂಬರಿ ಇದಕ್ಕೆ ಎಲ್ಲೂ ಕಾರಣ ಕೊಡುವುದಿಲ್ಲ. ಲೋಕದ ಸಮತೋಲದ ಬಗ್ಗೆ ಇಷ್ಟು ಎಚ್ಚರವಿರುವ ಪುಸ್ತಕದಲ್ಲಿ ಇದು ಸಣ್ಣ ಕೊರತೆಯಲ್ಲ. ಲೇಖಕಿಗೂ ಇದು ಕೊರೆದಿರಬೇಕು. ಮೊದಲ ಮೂರು ಪುಸ್ತಕಗಳು 1972ಕ್ಕೆ ಮುಗಿದ ಮೇಲೆ, 1990ರಲ್ಲಿ ‘ಟೆಹಾನು’ ಬರೆದು ಇದೇ ಲೋಕವನ್ನು ಹೆಂಗಸಿನ ಕಡೆಯಿಂದ ಮತ್ತೆ ನೋಡಿದರು. ಹದಿನೆಂಟು ವರ್ಷ ಉಳಿದ ಬಾಕಿ. ಆ ಬಾಕಿಯನ್ನು ನನ್ನ ನೋಟ್‌ಬುಕ್ ಮೊದಲ ಪುಸ್ತಕದಲ್ಲೇ ಹಿಡಿದಿತ್ತು ಎಂಬುದು ನನಗೆ ಹೆಮ್ಮೆಯ ಸಂಗತಿ.

ಏಳನೆಯ ಅಧ್ಯಾಯ ಕಿಕ್ಕಿರಿದಿದೆ ಎಂಬುದು ನನ್ನ ಇನ್ನೊಂದು ಆಕ್ಷೇಪ. ಕೋಟೆ, ಸೆರೆಟ್, ಟೆರೆನಾನ್ ಎಂಬ ಮಾಂತ್ರಿಕ ಕಲ್ಲು, ಗಿಡುಗನ ರೂಪ, ಗುರುವಿನ ಮನೆ, ಎಲ್ಲವೂ ಒಂದರ ಮೇಲೊಂದು ಬಂದು ಬೀಳುತ್ತವೆ. ಒಟಾಕ್ ಸತ್ತದ್ದಕ್ಕೆ ಅಳಲು ಕೂಡ ಗೆಡ್‌ಗೂ ಸಮಯವಿಲ್ಲ, ನಮಗೂ ಇಲ್ಲ. ಅಲ್ಲಿ ಇನ್ನೂ ಹತ್ತು ಪುಟ ಬೇಕಿತ್ತು. ಹಾಗೆಯೇ ಒಂದು ಬಾಕಿ ಬೇಕೆಂದೇ ಉಳಿಸಲಾಗಿದೆ. ಮರಳದಿಬ್ಬದ ಮೇಲೆ ಲೋಕ ಮರೆತು ಬದುಕಿದ ಮುದುಕ ಮುದುಕಿಯರು ಗೆಡ್‌ಗೆ ಸಿಗುತ್ತಾರೆ. ಮುದುಕಿ ಮುರಿದ ಉಂಗುರದ ಅರ್ಧ ತುಂಡನ್ನು ಅವನ ಕೈಯಲ್ಲಿಡುತ್ತಾಳೆ. ಕಥೆ ಮುಗಿದರೂ ಅದರಿಂದ ಏನೂ ಆಗುವುದಿಲ್ಲ. ಮೊದಲ ಬಾರಿ ಲೆಕ್ಕ ಮುಗಿಸಿದಾಗ ನನ್ನ ಪುಟದ ಕೆಳಗೆ ಅದೊಂದೇ ತೂಗುತ್ತಿತ್ತು. ಎರಡನೆಯ ಪುಸ್ತಕ ‘ದ ಟೂಂಬ್ಸ್ ಆಫ್ ಆಟುವಾನ್’ ಆ ತುಂಡಿನ ಮೇಲೆಯೇ ನಿಂತಿದೆ. ಲೆಕ್ಕದಲ್ಲಿ ಬಿದ್ದ ತೂತಿಗೂ ಬೇಕೆಂದೇ ಮುಂದಕ್ಕೆ ಎಳೆದ ಬಾಕಿಗೂ ವ್ಯತ್ಯಾಸ ತಿಳಿಯುವುದು ಹೇಗೆ ಎಂದು ಬಳಗದವರು ಕೇಳುತ್ತಾರೆ. ಒಂದು ಉಪಾಯವಿದೆ, ಆ ವಸ್ತು ಕಥೆಯಲ್ಲಿ ಎಷ್ಟು ಬಾರಿ ಕೈ ಬದಲಾಯಿಸಿತು ಎಂದು ನೋಡಬೇಕು. ಉಳಿದದ್ದನ್ನು ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ.

ಕೊನೆಯ ಮುಖಾಮುಖಿ ಚುಟುಕಾಯಿತು ಎನ್ನುವವರಿದ್ದಾರೆ. ತೆರೆದ ಕಡಲಿನಾಚೆ ಗೆಡ್ ನೆರಳನ್ನು ಎದುರಿಸಿ, ಅದನ್ನು ತನ್ನದೇ ಹೆಸರಿನಿಂದ ಕರೆಯುತ್ತಾನೆ. ಒಂದು ಮಾತು, ಮುಗಿಯಿತು. ನನಗೆ ಚುಟುಕು ಅನಿಸಲಿಲ್ಲ. ನಾಲ್ಕನೆಯ ಅಧ್ಯಾಯದ ಕೆಂಪು ಗೆರೆಯ ಪಕ್ಕ ಈ ಸಾಲನ್ನು ಬರೆದಾಗ, ಬೇರೆಯವರ ಜೀವದಿಂದ ಮುಚ್ಚಿದ ಸಾಲವನ್ನು ಸಾಲಗಾರ ತಾನೇ ಬಂದು ತನ್ನ ಹೆಸರಿಗೆ ಬರೆಸಿಕೊಂಡದ್ದು ಕಂಡಿತು. ಅಲ್ಲಿ ಇನ್ನೊಂದು ಪುಟದ ಕಾದಾಟ ಸೇರಿಸಿದ್ದರೆ ಪುಸ್ತಕ ಕೆಡುತ್ತಿತ್ತು.

ಪದ್ಧತಿ ಒಂದೇ ಪುಸ್ತಕಕ್ಕೆ ಹೊಂದಿಕೊಂಡದ್ದು ಆಕಸ್ಮಿಕ ಎಂದು ಮೊದಲಿಗೆ ವಾದಿಸಿದವರು ಬಳಗದಲ್ಲೇ ಇದ್ದರು. ಅವರೆದುರು ಎರಡು ಪುಸ್ತಕ ಇಟ್ಟೆ. ಗಾರ್ತ್ ನಿಕ್ಸ್ ಅವರ ‘ಸೇಬ್ರಿಯಲ್’, 1995ರದ್ದು. ಸತ್ತವರನ್ನು ಕಟ್ಟುವ ಏಳು ಗಂಟೆಗಳು. ಪ್ರತಿ ಗಂಟೆಯೂ ಬಾರಿಸಿದವರಿಗೇ ತಿರುಗಿಬೀಳಬಹುದು, ಏಳನೆಯದಂತೂ ಕೇಳಿದವರೆಲ್ಲರನ್ನೂ, ಬಾರಿಸಿದವರನ್ನೂ ಸೇರಿಸಿ, ಸಾವಿನೊಳಕ್ಕೆ ಎಳೆಯುತ್ತದೆ. ಬೆಲೆಪಟ್ಟಿಯನ್ನು ಆಯುಧಕ್ಕೇ ನೇತುಹಾಕಿದ ಕಾದಂಬರಿ ಅದು. ಇನ್ನೊಂದು ಫಿಲಿಪ್ ಪುಲ್ಮನ್ ಅವರ ಮೂರು ಕಂತುಗಳ ಸರಣಿ. 1997ರ ಎರಡನೆಯ ಕಂತಿನಲ್ಲಿ ಲೋಕಗಳ ನಡುವೆ ಕಿಂಡಿ ಕೊರೆಯುವ ಚಾಕು ಬರುತ್ತದೆ, ಕಥೆ ಅದರಿಂದ ಓಡತೊಡಗುತ್ತದೆ, ಬೆಲೆಯ ಅಂಕಣ ಸಾಲುಸಾಲು ಖಾಲಿ. ಮೂರನೆಯ ಕಂತು ಬಂದದ್ದು 2000ದಲ್ಲಿ. ಕೊರೆದ ಪ್ರತಿ ಕಿಂಡಿಯೂ ಒಂದೊಂದು ಪಿಶಾಚಿಯನ್ನು ಹುಟ್ಟಿಸುತ್ತಿತ್ತು ಎಂದು ಅದರ ಕೊನೆಯಲ್ಲಿ ತಿಳಿಯುತ್ತದೆ. ಖಾಲಿ ಚೌಕಗಳೆಲ್ಲ ಒಂದೇ ಏಟಿಗೆ ತುಂಬುತ್ತವೆ, ಆ ಬೆಲೆಯನ್ನು ಇಬ್ಬರು ಮಕ್ಕಳು ಒಬ್ಬರನ್ನೊಬ್ಬರು ಬಿಟ್ಟು ತೆರಬೇಕಾಗುತ್ತದೆ. ಇದನ್ನು ಅಂಕಣಗಳಲ್ಲಿ ಬರೆದು ತೋರಿಸಿದ ದಿನ ವಾದ ನಿಂತಿತು.

ನಡುವೆ ಕೆಲವು ಅಡ್ಡ ಪ್ರಯೋಗಗಳನ್ನೂ ಮಾಡಿದ್ದೇನೆ. ಪುಸ್ತಕದ ಮುಂದಿರುವ ನಕ್ಷೆಯನ್ನು ಕಾಗದ ಹಚ್ಚಿ ಮುಚ್ಚಿ ಓದುವುದು ಅದರಲ್ಲೊಂದು. ನಕ್ಷೆಯಿಲ್ಲದೆ ದಾರಿ ತಪ್ಪಿದರೆ ಗದ್ಯ ದುರ್ಬಲ ಎಂದು ನನ್ನ ತರ್ಕ. ಅರ್ಥ್‌ಸೀಯ ದ್ವೀಪಗಳಲ್ಲಿ ಪೂರ್ವದ ಕಡೆಯ ಪಯಣದವರೆಗೂ ನಕ್ಷೆಯಿಲ್ಲದೆ ಹೋಗಿಬಂದೆ. ಅಲ್ಲಿಂದ ಮುಂದೆ ಸ್ವಲ್ಪ ತಡವರಿಸಬೇಕಾಯಿತು. ಗಟ್ಟಿಯಾಗಿ ಓದಿ ನೋಡುವುದು ಇನ್ನೊಂದು. ಲೆ ಗ್ವಿನ್ ಅವರ ವಾಕ್ಯಗಳು ಬಾಯಿಗೆ ಒಗ್ಗುತ್ತವೆ, ಹಾಡುಗಾರ ಹೇಳುವ ಕಥನದ ನಡೆ ಅದಕ್ಕಿದೆ. ಮೌನವಾಗಿ ಓದಿದಾಗ ತಣ್ಣಗೆ ಕಂಡ ಎಷ್ಟೋ ಭಾಗಗಳು ದನಿಯಲ್ಲಿ ಬೆಚ್ಚಗಾದವು. ಅಧ್ಯಾಯಗಳನ್ನು ಹಿಂದಿನಿಂದ ಮುಂದಕ್ಕೆ ಓದುವ ಪ್ರಯೋಗದಿಂದ ಏನೂ ಸಿಗಲಿಲ್ಲ, ಸಮಯ ಹೋಯಿತು.

ಹೆಚ್ಚು ಫಲ ಕೊಟ್ಟದ್ದು ಅಕ್ಕನ ಮಗಳ ಕೈಗೆ ಖಾಲಿ ನೋಟ್‌ಬುಕ್ ಕೊಟ್ಟದ್ದು. ಅವಳಿಗೆ ಆಗ ಹದಿನೈದರ ಆಸುಪಾಸು. ಪ್ರಶ್ನಾವಳಿಗೆ ಪರೀಕ್ಷೆಯ ಉತ್ತರ ಬರೆದಿದ್ದವರಲ್ಲಿ ಅವಳೂ ಒಬ್ಬಳು. ಅಂಕಣ ಎಳೆದುಕೊಟ್ಟು, ಏನೂ ಕೇಳದೆ ಸುಮ್ಮನಿದ್ದೆ. ಅವಳು ಐದನೆಯ ಅಂಕಣವೊಂದನ್ನು ತಾನೇ ಎಳೆದುಕೊಂಡಿದ್ದಳು: ‘ಯಾರು ಕ್ಷಮೆ ಕೇಳಲಿಲ್ಲ’. ಅದರಲ್ಲಿ ಮೊದಲ ಹೆಸರು ಜಾಸ್ಪರ್. ಅವನು ಕೆಣಕಿದ್ದರಿಂದಲೇ ಎಲ್ಲ ಆಯಿತು, ಆಮೇಲೆ ಅವನು ಶಾಲೆ ಬಿಟ್ಟು ಹೋದ ಎಂಬ ಸುದ್ದಿಯಷ್ಟೇ ಬರುತ್ತದೆ, ಅವನು ಕಥೆಗೆ ಮರಳುವುದೇ ಇಲ್ಲ, ಇದು ಹೇಗೆ ಸರಿ ಎಂದು ಜಗಳಕ್ಕೆ ನಿಂತಳು. ಸಾಲ ಗೆಡ್‌ನದು, ಕೆಣಕಿದವನದಲ್ಲ ಎಂಬುದೇ ಪುಸ್ತಕದ ನಿಲುವು ಎಂದೆ. ‘ಅದು ದೊಡ್ಡವರಾದ ಮೇಲೆ ಹೇಳುವ ಮಾತು, ಶಾಲೆಯಲ್ಲಿ ಇರುವವರಿಗೆ ಜಾಸ್ಪರ್ ದಿನಾ ಎದುರಿಗೇ ಇರುತ್ತಾನೆ’ ಎಂದಳು. ಐವತ್ತು ವರ್ಷಗಳ ವಿಮರ್ಶೆಯಲ್ಲಿ ಯಾರು ಏನು ಬರೆದಿದ್ದರೂ ಸರಿ, ಈ ಪುಸ್ತಕವನ್ನು ಹದಿಹರೆಯದ ಓದುಗಳೊಬ್ಬಳ ಜಾಗದಿಂದ ನೋಡಿದ ಮಾತು ನನಗೆ ಸಿಕ್ಕಿದ್ದು ಅಲ್ಲಿ. ನನ್ನ ಅಭಿಪ್ರಾಯದ ಲೇಖನದಲ್ಲಿ ಒಂದು ಇಡೀ ಭಾಗವನ್ನು ಅವಳ ಆಕ್ಷೇಪಕ್ಕೇ ಕೊಟ್ಟೆ. ಲೇಖನ ಓದಿದವರು ಹೆಚ್ಚು ಚರ್ಚಿಸಿದ್ದೂ ಅದನ್ನೇ.

ಈ ಪದ್ಧತಿ ಎಲ್ಲ ಪುಸ್ತಕಕ್ಕೂ ಹೊಂದುವುದಿಲ್ಲ. ನಗೆಯನ್ನೇ ಜೀವಾಳವಾಗಿಟ್ಟುಕೊಂಡ ಫ್ಯಾಂಟಸಿಗಳಲ್ಲಿ ಮಂತ್ರ ಪುಕ್ಕಟೆಯಾಗಿರುವುದೇ ಸೊಗಸು. ಅಲ್ಲಿ ಅಂಕಣಗಳು ಸುಮ್ಮನೆ ಅಡ್ಡ ಬರುತ್ತವೆ. ಪ್ರೇಮಕಥೆಗೆ ಮಂತ್ರದ ಅಂಚು ಕಟ್ಟಿದ ಪುಸ್ತಕಗಳಿಗೂ ಬೇರೆ ಲೆಕ್ಕವೇ ಬೇಕು, ಅದಕ್ಕೊಂದು ಅಂಕಣದ ಹಾಳೆಯನ್ನು ಈಗ ಸಿದ್ಧಪಡಿಸುತ್ತಿದ್ದೇನೆ.

ಖರ್ಚಿನ ವಿಷಯದಲ್ಲಿ ಫಲ ಸ್ಪಷ್ಟ. ಈಗ ಯಾವ ಸರಣಿಯದಾದರೂ ಮೊದಲ ಕಂತನ್ನಷ್ಟೇ ಕೊಳ್ಳುತ್ತೇನೆ, ಅದೂ ಮೆದು ರಟ್ಟಿನದು ಬಂದ ಮೇಲೆ. ಲೆಕ್ಕ ಚುಕ್ತಾ ಆಗಿದ್ದರೆ ಅಥವಾ ಬಾಕಿಯನ್ನು ಬೇಕೆಂದೇ ಮುಂದಕ್ಕೆ ಎಳೆದಿದ್ದರೆ ಎರಡನೆಯದಕ್ಕೆ ಹಣ ತೆಗೆಯುತ್ತೇನೆ. ಖಾಲಿ ಚೌಕಗಳು ಮೂರನೆಯ ಒಂದು ಭಾಗ ದಾಟಿದರೆ ಅಲ್ಲಿಗೆ ಬಿಟ್ಟೆ. ಪುಸ್ತಕದ ಖರ್ಚು ಸುಮಾರು ಅರ್ಧಕ್ಕೆ ಇಳಿದಿದೆ, ಕೊನೆಯವರೆಗೆ ಓದಿದ ಸರಣಿಗಳು ಹೆಚ್ಚಿವೆ. ಬಳಗದವರೊಬ್ಬರು ಒಂದು ದೊಡ್ಡ ಸರಣಿಯ ಪೂರ್ತಿ ಕಟ್ಟನ್ನು ಕೊಳ್ಳಲು ಹೊರಟಿದ್ದಾಗ, ಎರಡನೆಯ ಕಂತಿನ ನಡುವೆಯೇ ನಾಯಕಿಯ ಶಕ್ತಿಗೆ ಮಿತಿ ಇಲ್ಲವಾಗುತ್ತದೆ, ಅಲ್ಲಿಗೆ ನೀವು ಕೈಬಿಡುತ್ತೀರಿ ಎಂದು ಮೊದಲ ಕಂತಿನ ಲೆಕ್ಕ ನೋಡಿಯೇ ಹೇಳಿದ್ದೆ. ಅವರು ಕೇಳದೆ ಕೊಂಡರು. ಎರಡನೆಯದರ ನಡುಪುಟದಲ್ಲಿ ಗುರುತಿನ ಚೀಟಿ ಇನ್ನೂ ಹಾಗೆಯೇ ಇದೆ. ಮೂರನೆಯದನ್ನು ನನಗೆ ಕಡಿಮೆ ಬೆಲೆಗೆ ಕೊಡುತ್ತೇನೆ ಎಂದರು, ಬೇಡವೆಂದೆ. ಆ ಹಣಕ್ಕೆ ‘ಟೆಹಾನು’ವಿನ ಎರಡನೆಯ ಪ್ರತಿಯನ್ನು, ಗೀಚಲೆಂದು, ತರಿಸಿಕೊಂಡಿದ್ದೇನೆ. ಅದರ ಲೆಕ್ಕವನ್ನು ಈ ಸಲ ಅಕ್ಕನ ಮಗಳೂ ನಾನೂ ಬೇರೆ ಬೇರೆ ನೋಟ್‌ಬುಕ್ಕುಗಳಲ್ಲಿ ಬರೆಯುತ್ತಿದ್ದೇವೆ. ಅವಳ ಐದನೆಯ ಅಂಕಣವನ್ನು ನಾನೂ ಎಳೆದುಕೊಂಡಿದ್ದೇನೆ.